ಬೇಜಾರು ಅಂದ್ರೆ ಯಾವ ಬೇಜಾರು?

ಇಲ್ಲಿ ಅಮೆರಿಕದಲ್ಲಿ ಮಗಳ ಶಾಲೆಯಲ್ಲಿ ಭಾವನೆಗಳಿಗೂ ಪಾಠ ಇದೆ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮ ನಕ್ಕರು. "ಅಳೋದಕ್ಕೂ ಸಿಲಬಸ್ಸಾ?"

ಇದೆ ನೋಡಿ. ಕ್ಲಾಸಿನ ಗೋಡೆ ಮೇಲೆ 'ಮೂಡ್ ಮೀಟರ್' ಅನ್ನೋ ನಾಲ್ಕು ಬಣ್ಣದ ಚೌಕ, ಯೇಲ್ ವಿಶ್ವವಿದ್ಯಾಲಯದವರ ಕಾರ್ಯಕ್ರಮದ್ದು. ಸಿಟ್ಟು, ಗಾಬರಿ ಕೆಂಪು. ದುಃಖ, ಸುಸ್ತು ನೀಲಿ. ನೆಮ್ಮದಿ ಹಸಿರು, ಉತ್ಸಾಹ ಹಳದಿ. ತಾನೀಗ ಯಾವ ಬಣ್ಣದಲ್ಲಿದ್ದೀನಿ ಅಂತ ಮಗು ಹೇಳಬೇಕು.

'ಎಮೋಷನಲ್ ಇಂಟೆಲಿಜೆನ್ಸ್' ಅನ್ನೋ ಮಾತನ್ನು 1995ರಲ್ಲಿ ಡೇನಿಯಲ್ ಗೋಲ್ಮನ್ ಪುಸ್ತಕ ಮನೆಮನೆಗೆ ತಲುಪಿಸಿತು. ಆ ಹೆಸರಿನಲ್ಲಿ ಬೇಕಾದಷ್ಟು ವ್ಯಾಪಾರವೂ ನಡೀತಿದೆ, ಅದಿರಲಿ. ನನಗೆ ಹಿಡಿಸಿದ್ದು ಹೆಸರಿಡೋ ವಿಚಾರ. 2007ರಲ್ಲಿ ಲಾಸ್ ಏಂಜಲಿಸ್‌ನ ಮ್ಯಾಥ್ಯೂ ಲೀಬರ್‌ಮನ್ ತಂಡ ಒಂದು ಪ್ರಯೋಗ ಪ್ರಕಟಿಸಿತು. ಸಿಟ್ಟಿನ, ಭಯದ ಮುಖಗಳ ಚಿತ್ರ ನೋಡಿ ಆ ಭಾವನೆಯನ್ನು ಪದದಲ್ಲಿ ಗುರುತಿಸಿದಾಗ, ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸೋ ಅಮಿಗ್ಡಲದ ಸದ್ದು ಕಡಿಮೆಯಾಗ್ತಿತ್ತು.

ನಮ್ಮನೇಲಿ ಮಾತ್ರ ಎಲ್ಲದಕ್ಕೂ ಒಂದೇ ಪದ: ಬೇಜಾರು! ಹೊತ್ತು ಹೋಗದಿದ್ರೂ ಬೇಜಾರು, ಯಾರಾದ್ರೂ ಬೈದ್ರೂ ಬೇಜಾರು, ಅಜ್ಜಿ ಊರಿಗೆ ಹೊರಟ್ರೂ ಬೇಜಾರು. ಸಾಸಿವೆ, ಜೀರಿಗೆ, ಮೆಂತ್ಯ ಎಲ್ಲಾ ಒಂದೇ ಡಬ್ಬಿಗೆ ಸುರಿದ ಹಾಗೆ. ಅದಕ್ಕೇ ಈಗ "ಯಾವ ಬೇಜಾರು ಪುಟ್ಟಾ?" ಅಂತ ಕೇಳೋದು ಅಭ್ಯಾಸವಾಗಿದೆ. ಕೆದಕಿದ್ರೆ ಕನ್ನಡದಲ್ಲಿ ಪದಗಳಿಗೇನು ಬರವೇ? ಅಳುಕು, ಕಸಿವಿಸಿ, ಮುಜುಗರ, ಸಂಕಟ, ಹೊಟ್ಟೆಕಿಚ್ಚು...

ಒಂದು ದಿನ ಸ್ಕೂಲ್ ಬಸ್ಸಿನಲ್ಲಿ ಗೆಳತಿ ಬೇರೆಯವಳ ಪಕ್ಕ ಕೂತಳಂತೆ. "ಐ ಆಮ್ ಮ್ಯಾಡ್" ಅಂತ ಬ್ಯಾಗ್ ಎಸೆದಳು. ಅಮ್ಮ ಫೋನಿನಲ್ಲೇ ತೀರ್ಪು ಕೊಟ್ಟರು: "ಅದು ಸಿಟ್ಟಲ್ಲ ಕಣೇ, ಮುನಿಸು. ಸಿಟ್ಟು ಯಾರ ಮೇಲಾದ್ರೂ ಬರತ್ತೆ. ಮುನಿಸು ಬೇಕಾದವರ ಮೇಲೆ ಮಾತ್ರ." ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವಳು ನನಗೆ ಬೇಕು" ಅಂದಳು. ಮುನಿಸಿಗೆ ಸರಿಯಾದ ಇಂಗ್ಲಿಷ್ ಪದ ನಾನಿನ್ನೂ ಹುಡುಕ್ತಾ ಇದೀನಿ. ಬಣ್ಣವೂ ಅಷ್ಟೆ, ಕೆಂಪಾ ನೀಲಿಯಾ?

ಹೆಸರಿಟ್ಟ ಮಾತ್ರಕ್ಕೆ ಎಲ್ಲಾ ಮಾಫಿ ಅಂತಲ್ಲ. ಮಕ್ಕಳ ಭಾವನೆಗಳ ಬಗ್ಗೆ 1997ರಲ್ಲಿ ಪುಸ್ತಕ ಬರೆದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೇಳೋದೂ ಅದೇ: ಭಾವನೆಯನ್ನೆಲ್ಲ ಒಪ್ಪಿಕೊಳ್ಳಿ, ನಡವಳಿಕೆಗೆ ಗೆರೆ ಹಾಕಿ. ತಮ್ಮನ ಮೇಲೆ ಹೊಟ್ಟೆಕಿಚ್ಚು ಬರಬಹುದು, ಅವನ ಲೆಗೋ ಕೋಟೆ ಒದೆಯೋ ಹಾಗಿಲ್ಲ. ಒದ್ರೆ ಅವಳೇ ಕೂತು ಕಟ್ಟಿಕೊಡಬೇಕು.