‘ಹಸ್ತಪ್ರತಿ’ಯ ಇನ್ನೊಂದು ಅರ್ಥ: ನೇತ್ರವೈದ್ಯ ಪತ್ರಿಕೆಗೆ ಲೇಖನ ಸಿದ್ಧಪಡಿಸುವ ಕ್ರಮ ಮತ್ತು ಅದರಲ್ಲಿ ಕನ್ನಡದ ಪಾತ್ರ

1. ಪೀಠಿಕೆ

ಕನ್ನಡ ಅಧ್ಯಯನ ಕ್ಷೇತ್ರದಲ್ಲಿ ‘ಹಸ್ತಪ್ರತಿ’ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಓಲೆಗರಿ, ಕಡತ ಮತ್ತು ಕೋರಿಕಾಗದದ ಪ್ರತಿಗಳು. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ದಂತಹ ವೈದ್ಯಗ್ರಂಥಗಳು ನಮಗೆ ದೊರೆತಿರುವುದು ಇಂಥ ಪ್ರತಿಗಳ ಮೂಲಕವೇ. ಇಂದಿನ ವೈದ್ಯಕೀಯ ಪತ್ರಿಕೆಗಳೂ ತಮಗೆ ಬರುವ ಅಪ್ರಕಟಿತ ಲೇಖನವನ್ನು ಹಸ್ತಪ್ರತಿಯೆಂಬ ಅರ್ಥದ ಪದದಿಂದಲೇ ಕರೆಯುತ್ತವೆ. ಅದನ್ನು ಕೈಯಲ್ಲಿ ಬರೆದಿರುವುದಿಲ್ಲ. ಬಹುಪಾಲು ಕನ್ನಡದಲ್ಲೂ ಇರುವುದಿಲ್ಲ. ಆದರೂ ಅದರ ಸಿದ್ಧತೆಯ ಹಲವು ಹಂತಗಳಲ್ಲಿ ಕನ್ನಡ ಬಲ್ಲವರ ಅಗತ್ಯವಿದೆಯೆಂಬುದು ನಮ್ಮ ವಿಭಾಗಗಳಲ್ಲಿ ಹೆಚ್ಚು ಚರ್ಚೆಯಾಗದ ಸಂಗತಿ.

ನೇತ್ರವೈದ್ಯ ಪತ್ರಿಕೆಯೊಂದಕ್ಕೆ ಲೇಖನವನ್ನು ಸಿದ್ಧಪಡಿಸಿ ಸಲ್ಲಿಸುವ ಕ್ರಮವನ್ನು ವಿವರಿಸುವುದು, ಆ ಕ್ರಮದಲ್ಲಿ ಕನ್ನಡದ ಅಧ್ಯಾಪಕರು ಹಾಗೂ ಸಂಶೋಧಕರು ವಹಿಸಬಹುದಾದ ಹೊಣೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ಬೆಂಗಳೂರಿನ ಹೊರವಲಯದ ಮಾಕಳಿಯಿಂದ ಹೊರಟ ಒಂದು ಸಂಶೋಧನೆಯನ್ನು ನಿದರ್ಶನವಾಗಿ ಬಳಸಿಕೊಳ್ಳಲಾಗಿದೆ.

2. ಮಾಕಳಿಯ ನಿದರ್ಶನ

ತುಮಕೂರು ರಸ್ತೆಯಲ್ಲಿ ಪೀಣ್ಯವನ್ನು ದಾಟಿ ನೆಲಮಂಗಲದತ್ತ ಸಾಗುವಾಗ ಸಿಗುವ ಮಾಕಳಿಯಲ್ಲಿ ಹಿಮಾಲಯ ಡ್ರಗ್ ಕಂಪನಿಯ (ಇಂದಿನ ಹಿಮಾಲಯ ವೆಲ್‌ನೆಸ್ ಕಂಪನಿ) ತಯಾರಿಕಾ ಘಟಕ ಮತ್ತು ಸಂಶೋಧನಾ ಕೇಂದ್ರಗಳಿವೆ. 1930ರಲ್ಲಿ ಡೆಹ್ರಾಡೂನ್‌ನಲ್ಲಿ ಆರಂಭವಾದ ಈ ಸಂಸ್ಥೆ 1970ರ ದಶಕದಲ್ಲಿ ಇಲ್ಲಿಗೆ ಬಂದಿತು. ಇಲ್ಲಿನ ಸಂಶೋಧಕರು ‘ಆಫ್ತಾಕೇರ್’ ಎಂಬ ಗಿಡಮೂಲಿಕೆಯ ಕಣ್ಣಿನ ಹನಿಯನ್ನು ಕುರಿತು ಬರೆದ ಪ್ರಬಂಧ 2000ದಲ್ಲಿ ‘ಫೈಟೋಮೆಡಿಸಿನ್’ ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಉರಿಯೂತ, ಆಕ್ಸಿಡೀಕರಣ ಮತ್ತು ಸೂಕ್ಷ್ಮಜೀವಿಗಳ ವಿರುದ್ಧ ಈ ಹನಿಯ ಪರಿಣಾಮವನ್ನು ಪ್ರಯೋಗಾಲಯದಲ್ಲಿ ಹಾಗೂ ಮೊಲಗಳ ಕಣ್ಣಿನಲ್ಲಿ ಪರೀಕ್ಷಿಸಿದ ಪ್ರಬಂಧವದು. ಇದೇ ಹನಿಯನ್ನು ರೋಗಿಗಳ ಮೇಲೆ ಪ್ರಯೋಗಿಸಿದ ಮತ್ತೊಂದು ಪ್ರಬಂಧ 2001ರಲ್ಲಿ ‘ಫೈಟೋಥೆರಪಿ ರಿಸರ್ಚ್’ ಪತ್ರಿಕೆಯಲ್ಲಿ ಬಂದಿತು. ಅದು ಹಲವು ಕೇಂದ್ರಗಳಲ್ಲಿ ನಡೆದ ‘ಮುಕ್ತ’ ಪ್ರಯೋಗವೆಂದು ಲೇಖಕರೇ ಹೇಳಿಕೊಂಡಿದ್ದಾರೆ.

ಈ ನಿದರ್ಶನದಿಂದ ಮೂರು ಸಂಗತಿಗಳನ್ನು ಗಮನಿಸಬಹುದು. ಮೊದಲನೆಯದು ಪತ್ರಿಕೆಯ ಆಯ್ಕೆ. ವಿಷಯ ಕಣ್ಣಿನದೇ ಆಗಿದ್ದರೂ ಎರಡೂ ಪ್ರಬಂಧಗಳು ಪ್ರಕಟವಾದದ್ದು ಸಸ್ಯೌಷಧ ಪತ್ರಿಕೆಗಳಲ್ಲಿ. ಲೇಖನದ ಮುಖ್ಯ ಪ್ರಶ್ನೆ ಔಷಧದ ಗುಣವನ್ನು ಕುರಿತದ್ದೋ ಕಣ್ಣಿನ ರೋಗದ ನಿರ್ವಹಣೆಯನ್ನು ಕುರಿತದ್ದೋ ಎಂಬುದನ್ನು ಬರೆಯುವ ಮೊದಲೇ ನಿರ್ಧರಿಸಬೇಕು. ಓದುಗರು ಯಾರೆಂಬುದು ಅದರಿಂದಲೇ ತಿಳಿಯುತ್ತದೆ. ಎರಡನೆಯದು ‘ಮುಕ್ತ’ ಎಂಬ ವಿಶೇಷಣ. ಯಾವ ಔಷಧ ಕೊಡಲಾಗುತ್ತಿದೆಯೆಂಬುದು ವೈದ್ಯರಿಗೂ ರೋಗಿಗೂ ತಿಳಿದಿರುವ ಪ್ರಯೋಗವೆಂದು ಇದರ ಅರ್ಥ. ಇಂಥ ಪ್ರಯೋಗದಲ್ಲಿ ಗುಣ ಕಂಡಿತೆಂದು ಹೇಳಬಹುದು. ಗುಣಕ್ಕೆ ಆ ಔಷಧವೊಂದೇ ಕಾರಣವೆಂದು ಸಾಧಿಸಲು ಹೋಲಿಕೆಯ ಗುಂಪು ಬೇಕಾಗುತ್ತದೆ. ಪ್ರಯೋಗದ ಸ್ವರೂಪವನ್ನು ಒಂದು ಪದದಲ್ಲಿ ಮುಂಚಿತವಾಗಿ ಹೇಳಿಬಿಟ್ಟರೆ ತೀರ್ಮಾನವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಓದುಗನಿಗೆ ಗೊತ್ತಾಗುತ್ತದೆ.

ಮೂರನೆಯದು ಹೆಸರುಗಳ ಪ್ರಶ್ನೆ. ಈ ಹನಿಯಲ್ಲಿ ಓಮ, ತಾರೆಕಾಯಿ, ನೆಲ್ಲಿ, ಅರಿಸಿನ, ತುಳಸಿ, ಕರ್ಪೂರ, ಗುಲಾಬಿ ಮತ್ತು ಜೇನು ಇವೆಯೆಂದು ಪ್ರಬಂಧಗಳು ಹೇಳುತ್ತವೆ. ಇವುಗಳಲ್ಲಿ ಸಸ್ಯಗಳನ್ನು ಹೆಸರಿಸಿರುವುದು ವೈಜ್ಞಾನಿಕ ನಾಮಗಳಲ್ಲಿ. ಆ ನಾಮಗಳಿಗೂ ‘ಪಾಠಾಂತರ’ಗಳಿವೆ. ಅಲ್ಲಿ ‘ಕೇರಮ್ ಕಾಪ್ಟಿಕಮ್’ ಎಂದಿರುವ ಓಮವನ್ನು ಈಗ ‘ಟ್ರಾಕಿಸ್ಪರ್ಮಮ್ ಅಮ್ಮಿ’ ಎನ್ನುತ್ತಾರೆ. ‘ಎಂಬ್ಲಿಕಾ ಅಫಿಸಿನಾಲಿಸ್’ ಎಂದಿರುವ ನೆಲ್ಲಿ ಈಗ ‘ಫಿಲ್ಲಾಂಥಸ್ ಎಂಬ್ಲಿಕಾ’. ಹಳೆಯ ವೈದ್ಯಗ್ರಂಥದ ಒಂದು ಮೂಲಿಕೆ ಇಂದಿನ ಯಾವ ಗಿಡವೆಂದು ನಿರ್ಣಯಿಸುವ ಕೆಲಸದಲ್ಲಿ ಸಸ್ಯಶಾಸ್ತ್ರಜ್ಞನಷ್ಟೇ ಗ್ರಂಥಸಂಪಾದಕನೂ ಬೇಕಾಗುತ್ತಾನೆ.

3. ಲೇಖನದ ಅಂಗರಚನೆ

ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ ಹಸ್ತಪ್ರತಿಗಳಿಗೆ ಏಕರೂಪದ ನಿಯಮಗಳನ್ನು ರೂಪಿಸಿದರು. ಈ ಗುಂಪೇ ಮುಂದೆ ಅಂತಾರಾಷ್ಟ್ರೀಯ ವೈದ್ಯಕೀಯ ಪತ್ರಿಕಾ ಸಂಪಾದಕರ ಸಮಿತಿಯಾಗಿ ಬೆಳೆಯಿತು. ಅಖಿಲ ಭಾರತ ನೇತ್ರವೈದ್ಯ ಸಂಘ 1953ರಿಂದ ಪ್ರಕಟಿಸುತ್ತಿರುವ, ಇಂದು ‘ಇಂಡಿಯನ್ ಜರ್ನಲ್ ಆಫ್ ಆಪ್ತಾಲ್ಮಾಲಜಿ’ ಎಂಬ ಹೆಸರಿನಿಂದ ಬರುತ್ತಿರುವ ಪತ್ರಿಕೆಯೂ ಸೇರಿದಂತೆ ಪ್ರಮುಖ ನೇತ್ರವೈದ್ಯ ಪತ್ರಿಕೆಗಳು ಈ ಪರಂಪರೆಯಲ್ಲೇ ನಡೆಯುತ್ತವೆ.

ಮೂಲ ಸಂಶೋಧನಾ ಲೇಖನಕ್ಕೆ ನಾಲ್ಕು ಅಂಗಗಳು: ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ಅಧ್ಯಯನವನ್ನು ಏಕೆ ಮಾಡಲಾಯಿತೆಂಬುದನ್ನು ಪೀಠಿಕೆ, ಹೇಗೆ ಮಾಡಲಾಯಿತೆಂಬುದನ್ನು ವಿಧಾನ, ಏನು ಕಂಡಿತೆಂಬುದನ್ನು ಫಲಿತಾಂಶ, ಅದರ ಅರ್ಥವೇನೆಂಬುದನ್ನು ಚರ್ಚೆ ಹೇಳುತ್ತದೆ. ಫಲಿತಾಂಶದೊಳಗೆ ವ್ಯಾಖ್ಯಾನ ನುಸುಳಬಾರದು. ಚರ್ಚೆಯಲ್ಲಿ ಹೊಸ ಅಂಕಿ ಅಂಶ ಕಾಣಿಸಿಕೊಳ್ಳಬಾರದು. ಅಧ್ಯಯನದ ಮಿತಿಗಳನ್ನು ಲೇಖಕರೇ ಚರ್ಚೆಯಲ್ಲಿ ಹೇಳಬೇಕು. ಸಾರಾಂಶವನ್ನೂ ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ ಎಂದು ವಿಂಗಡಿಸಿ ಬರೆಯುವುದು ಬಹುಪಾಲು ಪತ್ರಿಕೆಗಳ ಕ್ರಮ.

ಇವುಗಳಲ್ಲಿ ವಿಧಾನದ ಭಾಗಕ್ಕೆ ಹೆಚ್ಚಿನ ತೂಕವಿದೆ. ಬೇರೊಬ್ಬರು ಅದನ್ನು ಓದಿ ಅದೇ ಅಧ್ಯಯನವನ್ನು ಮತ್ತೆ ನಡೆಸುವಂತಿರಬೇಕು. ಕನ್ನಡದ ಕ್ಷೇತ್ರಕಾರ್ಯಾಧಾರಿತ ಪ್ರಬಂಧಗಳಲ್ಲಿ ಎಷ್ಟು ಮಂದಿ ವಕ್ತೃಗಳನ್ನು ಕಂಡದ್ದು, ಅವರನ್ನು ಆರಿಸಿದ್ದು ಹೇಗೆ, ಯಾರನ್ನು ಕೈಬಿಟ್ಟದ್ದು ಎಂಬ ವಿವರ ಎಷ್ಟೋ ವೇಳೆ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಈ ದೃಷ್ಟಿಯಿಂದ ವೈದ್ಯಕೀಯ ಲೇಖನದ ರಚನೆ ನಮಗೂ ಉಪಯುಕ್ತವಾದ ಅಳತೆಗೋಲು.

4. ಕಣ್ಣಿಗೆ ವಿಶಿಷ್ಟವಾದ ಮೂರು ತೊಡಕುಗಳು

ನೇತ್ರವೈದ್ಯ ಲೇಖನಕ್ಕೆ ಅದರದೇ ಆದ ತೊಡಕುಗಳಿವೆ. ಮೊದಲನೆಯದು ಎಣಿಕೆಯದು. ಒಬ್ಬ ರೋಗಿಗೆ ಎರಡು ಕಣ್ಣುಗಳು. ಅರವತ್ತು ಜನರ ನೂರು ಕಣ್ಣುಗಳನ್ನು ಪರೀಕ್ಷಿಸಿದರೆ ಆ ನೂರನ್ನು ನೂರು ಸ್ವತಂತ್ರ ಪ್ರಕರಣಗಳೆಂದು ಲೆಕ್ಕ ಹಾಕುವಂತಿಲ್ಲ. ಒಬ್ಬರದೇ ಎರಡು ಕಣ್ಣುಗಳ ಸ್ಥಿತಿ ಒಂದನ್ನೊಂದು ಹೋಲುವ ಸಾಧ್ಯತೆ ಹೆಚ್ಚು. ಆದ್ದರಿಂದ ಎಷ್ಟು ಜನ, ಎಷ್ಟು ಕಣ್ಣು ಎಂಬುದನ್ನು ಬೇರೆಬೇರೆಯಾಗಿ ಹೇಳಿ, ವಿಶ್ಲೇಷಣೆಯಲ್ಲಿ ಈ ಸಂಬಂಧವನ್ನು ಹೇಗೆ ಪರಿಗಣಿಸಲಾಯಿತೆಂದು ತಿಳಿಸಬೇಕು.

ಎರಡನೆಯದು ದೃಷ್ಟಿಯ ಅಳತೆ. ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರಫಲಕದಿಂದ ಬಂದ 6/6, 6/60 ಎಂಬ ಬರವಣಿಗೆ ನಮಗೆ ಪರಿಚಿತ. ಈ ಭಿನ್ನರಾಶಿಗಳನ್ನು ನೇರವಾಗಿ ಕೂಡಿ ಸರಾಸರಿ ತೆಗೆಯುವುದು ಸರಿಯಲ್ಲ. ಅದಕ್ಕಾಗಿ ಅವುಗಳನ್ನು ‘ಲಾಗ್‌ಮಾರ್’ ಎಂಬ ಲಾಗರಿತಮ್ ಅಳತೆಗೆ ಪರಿವರ್ತಿಸಿಕೊಳ್ಳುತ್ತಾರೆ. ಅಕ್ಷರ ಬಾರದವರ ಪರೀಕ್ಷೆಗೆ ಯಾವ ಫಲಕವನ್ನು ಬಳಸಲಾಯಿತೆಂಬುದನ್ನೂ ವಿಧಾನದಲ್ಲಿ ನಮೂದಿಸಬೇಕು.

ಮೂರನೆಯದು ಛಾಯಾಚಿತ್ರ. ರೋಗಿಯ ಗುರುತು ಮರೆಸಲು ಕಣ್ಣಿನ ಮೇಲೆ ಕಪ್ಪುಪಟ್ಟಿ ಹಾಕುವುದು ಹಿಂದೆ ರೂಢಿಯಲ್ಲಿತ್ತು. ಅಷ್ಟರಿಂದ ಗುರುತು ಮರೆಯಾಗುವುದಿಲ್ಲವೆಂದು ಸಂಪಾದಕರ ಸಮಿತಿಯ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ನೇತ್ರವೈದ್ಯ ಲೇಖನದಲ್ಲಂತೂ ತೋರಿಸಬೇಕಾದದ್ದೇ ಕಣ್ಣು. ಆದ್ದರಿಂದ ಚಿತ್ರದಲ್ಲಿ ಬೇಕಾದಷ್ಟು ಭಾಗವನ್ನು ಮಾತ್ರ ಉಳಿಸಿಕೊಳ್ಳಬೇಕು. ಗುರುತು ಸಿಗುವಂತಿದ್ದರೆ ಪ್ರಕಟಣೆಗೆಂದೇ ಪ್ರತ್ಯೇಕವಾಗಿ ಲಿಖಿತ ಒಪ್ಪಿಗೆ ಪಡೆಯಬೇಕು.

5. ಒಪ್ಪಿಗೆ ಪತ್ರ ಮತ್ತು ಪ್ರಶ್ನಾವಳಿ: ಕನ್ನಡದ ಜಾಗ

ಲೇಖನ ಇಂಗ್ಲಿಷಿನಲ್ಲಿ ಪ್ರಕಟವಾದರೂ ಅದರ ಮೂಲ ಆಕರ ರೋಗಿಯ ಮಾತು. ಆ ಮಾತು ಕನ್ನಡದಲ್ಲಿದೆ. 1964ರ ಹೆಲ್ಸಿಂಕಿ ಘೋಷಣೆಯಿಂದ ಮೊದಲುಗೊಂಡು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯವರೆಗೆ ಎಲ್ಲವೂ ತಿಳಿವಳಿಕೆಯ ಒಪ್ಪಿಗೆಯನ್ನು ಕಡ್ಡಾಯವೆಂದು ಭಾವಿಸುತ್ತವೆ. ಮಾಹಿತಿಯು ಭಾಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು; ಓದು ಬಾರದವರಿದ್ದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟಿನ ಗುರುತು ಪಡೆಯಬೇಕು. ಹಸ್ತಪ್ರತಿಯ ವಿಧಾನದ ಭಾಗದಲ್ಲಿ ‘ಎಲ್ಲರಿಂದಲೂ ಒಪ್ಪಿಗೆ ಪಡೆಯಲಾಯಿತು’ ಎಂಬ ಒಂದು ಸಾಲು ಇರುತ್ತದೆ. ಆ ಸಾಲು ನಿಜವೋ ಅಲ್ಲವೋ ಎಂಬುದು ಕನ್ನಡ ಪತ್ರದ ಗುಣಮಟ್ಟವನ್ನು ಅವಲಂಬಿಸಿದೆ.

ಒಂದು ಉದಾಹರಣೆ. ‘ಪ್ರಸ್ತುತ ಅಧ್ಯಯನದಲ್ಲಿ ಪಾಲ್ಗೊಳ್ಳುವಿಕೆಯು ಸಂಪೂರ್ಣವಾಗಿ ಸ್ವಯಂಪ್ರೇರಿತವಾಗಿದ್ದು, ಯಾದೃಚ್ಛಿಕವಾಗಿ ಗುಂಪುಗಳಿಗೆ ನಿಯೋಜಿಸಲಾಗುವುದು’ ಎಂಬ ವಾಕ್ಯ ವ್ಯಾಕರಣದ ದೃಷ್ಟಿಯಿಂದ ಸರಿ. ಪೀಣ್ಯದ ಕಾರ್ಖಾನೆಯಲ್ಲಿ ಲೋಹ ಉಜ್ಜುವಾಗ ಕಣ್ಣಿಗೆ ಚೂರು ಸಿಡಿದು ಬಂದಿರುವ ಕಾರ್ಮಿಕನಿಗೆ ಅದು ಏನನ್ನೂ ಹೇಳುವುದಿಲ್ಲ. ‘ಇದಕ್ಕೆ ಸೇರುವುದು, ಬಿಡುವುದು ನಿಮ್ಮ ಇಷ್ಟ. ಬೇಡವೆಂದರೂ ನಿಮಗೆ ಸಿಗಬೇಕಾದ ಚಿಕಿತ್ಸೆ ಸಿಗುತ್ತದೆ. ಯಾರಿಗೆ ಯಾವ ಹನಿ ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ; ವೈದ್ಯರು ಆರಿಸುವುದಿಲ್ಲ’ ಎಂದರೆ ವಿಷಯ ತಲುಪುತ್ತದೆ. ಮೊದಲನೆಯ ವಾಕ್ಯಕ್ಕೆ ಹಾಕಿದ ಸಹಿಯನ್ನು ಒಪ್ಪಿಗೆಯೆಂದು ಕರೆಯುವುದು ಕಷ್ಟ.

ಪ್ರಶ್ನಾವಳಿಯ ಅನುವಾದ ಇನ್ನೂ ಸೂಕ್ಷ್ಮವಾದದ್ದು. ಕಣ್ಣು ಒಣಗುವ ತೊಂದರೆಯನ್ನು ಅಳೆಯಲು ಬಳಕೆಯಲ್ಲಿರುವ ‘ಓಎಸ್‌ಡಿಐ’ ಸೂಚ್ಯಂಕದಲ್ಲಿ ಹನ್ನೆರಡು ಪ್ರಶ್ನೆಗಳಿವೆ. ಉತ್ತರಗಳಿಂದ 0ಯಿಂದ 100ರವರೆಗಿನ ಅಂಕ ಬರುತ್ತದೆ. ಕಳೆದ ಒಂದು ವಾರದಲ್ಲಿ ಕಣ್ಣಿನಲ್ಲಿ ಮರಳು ಬಿದ್ದಂತೆ ಆಗುತ್ತಿತ್ತೇ, ರಾತ್ರಿ ವಾಹನ ಓಡಿಸಲು ತೊಂದರೆಯಾಯಿತೇ, ಕಂಪ್ಯೂಟರ್ ಅಥವಾ ಎಟಿಎಂ ಬಳಸಲು ಕಷ್ಟವಾಯಿತೇ ಎಂಬಂಥ ಪ್ರಶ್ನೆಗಳವು. ವಾಹನ ಓಡಿಸದವರು ‘ತೊಂದರೆಯಿಲ್ಲ’ ಎಂದರೆ ಅಂಕ ತಪ್ಪಾಗುತ್ತದೆ. ಅವರಿಗಾಗಿ ‘ಅನ್ವಯಿಸುವುದಿಲ್ಲ’ ಎಂಬ ಆಯ್ಕೆಯಿದೆ. ಅದು ಅನುವಾದದಲ್ಲಿ ಬೇರೆಯಾಗಿ ಕಾಣಿಸಬೇಕು. ‘ಉರಿ’, ‘ನವೆ’, ‘ಚುಚ್ಚು’ ಇವು ಬೇರೆಬೇರೆ ಅನುಭವಗಳು; ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅಳತೆಯೇ ಬದಲಾಗುತ್ತದೆ. ‘ಕಣ್ಣು ಮಂಜು’ ಎಂದು ರೋಗಿ ಹೇಳುವುದು ಪೊರೆಯಿಂದಲೂ ಇರಬಹುದು, ಕನ್ನಡಕದ ಅಗತ್ಯದಿಂದಲೂ ಇರಬಹುದು. ಹಳೆಯ ಮೈಸೂರು ಭಾಗದಲ್ಲಿ ‘ಪೊರೆ’ ಎಂಬುದನ್ನು ಉತ್ತರ ಕರ್ನಾಟಕದಿಂದ ದುಡಿಯಲು ಬಂದವರು ‘ಮೋತಿಬಿಂದು’ ಎನ್ನುತ್ತಾರೆ. ಮಾಕಳಿ, ಪೀಣ್ಯಗಳಂಥ ಕಡೆ ಎರಡೂ ಪದಗಳು ಒಂದೇ ಸರದಿಯ ಸಾಲಿನಲ್ಲಿ ಕೇಳಿಬರುತ್ತವೆ.

ಇದಕ್ಕೆ ವೈದ್ಯಕೀಯ ಕ್ಷೇತ್ರ ಕಂಡುಕೊಂಡಿರುವ ಕ್ರಮ ಮರು ಅನುವಾದ. ಇಬ್ಬರು ಪ್ರತ್ಯೇಕವಾಗಿ ಕನ್ನಡಕ್ಕೆ ತರುತ್ತಾರೆ. ಎರಡನ್ನೂ ಹೋಲಿಸಿ ಒಂದು ಪಾಠವನ್ನು ಸಿದ್ಧಪಡಿಸುತ್ತಾರೆ. ಮೂಲವನ್ನು ನೋಡದ ಮತ್ತೊಬ್ಬರು ಅದನ್ನು ಇಂಗ್ಲಿಷಿಗೆ ಮರಳಿಸುತ್ತಾರೆ. ವ್ಯತ್ಯಾಸಗಳನ್ನು ಪರಿಶೀಲಿಸಿ ಕೆಲವು ರೋಗಿಗಳಲ್ಲಿ ಪರೀಕ್ಷಿಸಿ ನೋಡುತ್ತಾರೆ. ಪ್ರತಿಗಳನ್ನು ಹೋಲಿಸಿ ಪಾಠನಿರ್ಣಯ ಮಾಡುವ ಶಿಕ್ಷಣ ಪಡೆದವರಿಗೆ ಈ ಕೆಲಸ ಹೊಸದೆನಿಸುವುದಿಲ್ಲ. ಪ್ರಮಾಣೀಕೃತ ಪ್ರಶ್ನಾವಳಿಗಳಿಗೆ ಹಕ್ಕುದಾರರಿರುವುದರಿಂದ ಅವರ ಅನುಮತಿಯನ್ನು ಮೊದಲೇ ಪಡೆಯಬೇಕೆಂಬುದನ್ನು ಮರೆಯಬಾರದು.

6. ಸಲ್ಲಿಕೆ ಮತ್ತು ವಿಮರ್ಶೆ

ಸಲ್ಲಿಸುವ ಮೊದಲು ಆಗಿರಬೇಕಾದ ಕೆಲಸಗಳೇ ಹೆಚ್ಚು. ನೈತಿಕ ಸಮಿತಿಯ ಅನುಮತಿ ಅಧ್ಯಯನಕ್ಕೆ ಮುಂಚಿತವಾಗಿ ದೊರೆತಿರಬೇಕು. ಬರೆದ ಮೇಲೆ ಪಡೆಯುವುದು ಸಾಧ್ಯವಿಲ್ಲ. ಚಿಕಿತ್ಸಾ ಪ್ರಯೋಗವಾದರೆ 2007ರಲ್ಲಿ ಆರಂಭವಾದ ಭಾರತೀಯ ಚಿಕಿತ್ಸಾ ಪ್ರಯೋಗಗಳ ನೋಂದಣಿ ವ್ಯವಸ್ಥೆಯಲ್ಲಿ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ದಾಖಲಿಸಿರಬೇಕು. ವಿಫಲವಾದ ಪ್ರಯೋಗಗಳು ಕಣ್ಮರೆಯಾಗಬಾರದೆಂಬುದು ಇದರ ಹಿಂದಿನ ಆಶಯ.

ಹಸ್ತಪ್ರತಿಯ ಜೊತೆಗೆ ಲೇಖಕರ ಹೆಸರು, ವಿಳಾಸಗಳಿರುವ ಶೀರ್ಷಿಕೆ ಪುಟವನ್ನು ಪ್ರತ್ಯೇಕ ಕಡತವಾಗಿ ಕಳುಹಿಸಬೇಕಾಗುತ್ತದೆ. ವಿಮರ್ಶಕರಿಗೆ ಲೇಖಕರು ಯಾರೆಂದು ತಿಳಿಯಬಾರದೆಂಬ ಕ್ರಮವಿರುವ ಪತ್ರಿಕೆಗಳಲ್ಲಿ ಇದು ಅನಿವಾರ್ಯ. ಲೇಖನವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸುವಂತಿಲ್ಲ. ಹಣಕಾಸಿನ ನೆರವು ಯಾರದು, ಔಷಧ ತಯಾರಕರೊಡನೆ ಲೇಖಕರ ಸಂಬಂಧವೇನು ಎಂಬುದನ್ನು ಘೋಷಿಸಬೇಕು. ಸಂಬಂಧವಿರುವುದು ತಪ್ಪಲ್ಲ, ಅದು ಓದುಗನಿಗೆ ತಿಳಿಯಬೇಕು. ಲೇಖಕನೆನಿಸಿಕೊಳ್ಳಲು ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆಯಲ್ಲಿ ಅಥವಾ ಪರಿಷ್ಕರಣೆಯಲ್ಲಿ ಭಾಗ, ಅಂತಿಮ ಪಾಠಕ್ಕೆ ಒಪ್ಪಿಗೆ, ಇಡೀ ಕೆಲಸಕ್ಕೆ ಉತ್ತರದಾಯಿತ್ವ ಎಂಬ ನಾಲ್ಕೂ ಇರಬೇಕು. ಅನುವಾದವನ್ನಷ್ಟೇ ಮಾಡಿದವರನ್ನು ಕೃತಜ್ಞತೆಯಲ್ಲಿ ನೆನೆಯುವುದು ಕ್ರಮ. ಪ್ರಶ್ನಾವಳಿಯನ್ನು ರೂಪಿಸಿ, ಪರೀಕ್ಷಿಸಿ, ಆ ಭಾಗವನ್ನು ಬರೆದು ಹೊಣೆ ಹೊತ್ತ ಕನ್ನಡ ಅಧ್ಯಾಪಕರು ಸಹಲೇಖಕರಾಗಲು ಅರ್ಹರು. ಈ ಮಾತನ್ನು ಕೆಲಸ ಆರಂಭಿಸುವಾಗಲೇ ಇತ್ಯರ್ಥ ಮಾಡಿಕೊಳ್ಳುವುದು ಲೇಸು.

ವಿಮರ್ಶಕರ ಅಭಿಪ್ರಾಯ ಬಂದಾಗ ಪ್ರತಿಯೊಂದು ಆಕ್ಷೇಪವನ್ನೂ ಕ್ರಮವಾಗಿ ಉದ್ಧರಿಸಿ, ಮಾಡಿದ ಬದಲಾವಣೆಯನ್ನು ಅಥವಾ ಮಾಡದಿರಲು ಕಾರಣವನ್ನು ಅದರ ಕೆಳಗೆ ಬರೆಯಬೇಕು. ತಿರಸ್ಕೃತವಾದರೂ ಆ ಅಭಿಪ್ರಾಯಗಳ ನೆರವಿನಿಂದ ತಿದ್ದಿ ಬೇರೆಡೆಗೆ ಕಳುಹಿಸಬಹುದು.

ಹಣ ಪಡೆದು ಪರಿಶೀಲಿಸದೆ ಪ್ರಕಟಿಸುವ ಪತ್ರಿಕೆಗಳ ಹಾವಳಿ ಎರಡೂ ಕ್ಷೇತ್ರಗಳಿಗೆ ಸಮಾನ. 2019ರಲ್ಲಿ ಜಾರಿಗೆ ಬಂದ ಯುಜಿಸಿ-ಕೇರ್ ಪಟ್ಟಿಯನ್ನು ಆಯೋಗ 2025ರಲ್ಲಿ ಕೈಬಿಟ್ಟಿತು. ಪತ್ರಿಕೆಯೊಂದು ನಂಬಿಕೆಗೆ ಅರ್ಹವೇ ಎಂದು ತೂಗಿನೋಡುವ ಹೊಣೆ ಈಗ ಸಂಸ್ಥೆಗಳ ಮತ್ತು ಸಂಶೋಧಕರ ಮೇಲೆಯೇ ಬಿದ್ದಿದೆ. ಸಂಪಾದಕ ಮಂಡಳಿ, ವಿಮರ್ಶೆಯ ಕ್ರಮ, ಶುಲ್ಕದ ವಿವರ, ಹಿಂದಿನ ಸಂಚಿಕೆಗಳ ಗುಣಮಟ್ಟ ಇವು ಪರಿಶೀಲಿಸಬೇಕಾದ ಕನಿಷ್ಠ ಅಂಶಗಳು.

7. ಸಮಾರೋಪ

ನೇತ್ರವೈದ್ಯ ಪತ್ರಿಕೆಗೆ ಸಲ್ಲುವ ಹಸ್ತಪ್ರತಿಯ ಹಿಂದೆ ಮತ್ತೊಂದು ಕನ್ನಡ ಹಸ್ತಪ್ರತಿಯಿದೆ: ಒಪ್ಪಿಗೆ ಪತ್ರ, ಮಾಹಿತಿ ಪತ್ರ, ಪ್ರಶ್ನಾವಳಿ. ಅದು ಪ್ರಕಟವಾಗುವುದು ಅಪರೂಪ; ಅದರ ಪಾಠವನ್ನು ಭಾಷೆಯ ದೃಷ್ಟಿಯಿಂದ ಪರಿಶೀಲಿಸುವವರೂ ವಿರಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ನೈತಿಕ ಸಮಿತಿಯಲ್ಲಿ ಸಮಾಜವಿಜ್ಞಾನಿ ಅಥವಾ ನೀತಿಚಿಂತಕರೊಬ್ಬರಿಗೆ, ಜನಸಾಮಾನ್ಯರ ಪ್ರತಿನಿಧಿಯೊಬ್ಬರಿಗೆ ಸ್ಥಾನ ಕೊಟ್ಟಿದೆ. ಕನ್ನಡ ಅಧ್ಯಾಪಕರು ಈ ಸ್ಥಾನಗಳಲ್ಲಿ ಕುಳಿತು ಒಪ್ಪಿಗೆ ಪತ್ರವನ್ನು ಸಾಲುಸಾಲಾಗಿ ಓದಬಹುದು. ಸ್ನಾತಕೋತ್ತರ ಅನುವಾದ ಪತ್ರಿಕೆಯ ಅಭ್ಯಾಸಕ್ಕೆ ಇಂಥ ಪತ್ರಗಳನ್ನು ಆರಿಸಿಕೊಳ್ಳಬಹುದು. ಕಣ್ಣಿನ ಬೇನೆಗಳಿಗೆ ಜಿಲ್ಲೆಜಿಲ್ಲೆಗಳಲ್ಲಿರುವ ಮಾತುಗಳನ್ನು ಸಂಗ್ರಹಿಸುವ ಕೆಲಸವನ್ನು ವಿಭಾಗಗಳು ಕೈಗೆತ್ತಿಕೊಳ್ಳಬಹುದು. ವೈದ್ಯರಿಗೆ ಬೇಕಾಗಿರುವ ಪದಕೋಶವದು. ತನ್ನ ಕಣ್ಣಿನ ಮೇಲೆ ಏನು ನಡೆಯಲಿದೆಯೆಂಬುದನ್ನು ತನ್ನ ಮಾತಿನಲ್ಲೇ ತಿಳಿದು ಹೂಂ ಎನ್ನುವ ಇಲ್ಲವೇ ಬೇಡವೆನ್ನುವ ಅವಕಾಶ ರೋಗಿಗೆ ದೊರೆಯುವುದು ಆಗಲೇ.