ಲಾರಿ ಠಾಣೆಯಲ್ಲಿ, ಕಂತು ಫೈನಾನ್ಸಿನಲ್ಲಿ

ತುಂಗಭದ್ರೆಯ ದಂಡೆಗುಂಟ ಬಸ್ಸಿನಲ್ಲಿ ಓಡಾಡುವವರಿಗೆ ಈ ನೋಟ ಹೊಸದೇನಲ್ಲ. ಠಾಣೆಯ ಕಾಂಪೌಂಡಿನೊಳಗೆ ಸಾಲಾಗಿ ನಿಂತ ಮರಳು ಲಾರಿ, ಟಿಪ್ಪರು, ಟ್ರ್ಯಾಕ್ಟರು. ಟೈರು ನೆಲ ಕಚ್ಚಿವೆ. ಬ್ಯಾಟರಿ ಯಾರ ಪಾಲಾಯಿತೋ ದೇವರೇ ಬಲ್ಲ. ಹೊತ್ತ ಮರಳಿನ ಮೇಲೇ ಹುಲ್ಲು ಹುಟ್ಟಿದೆ.

ಪರ್ಮಿಟ್ ಇಲ್ಲದೆ ಹೊಳೆ ಬಗೆದವ ತಪ್ಪಿತಸ್ಥನೇ, ಅದರಲ್ಲಿ ಎರಡು ಮಾತಿಲ್ಲ. 1957ರ ಗಣಿ ಮತ್ತು ಖನಿಜ ಕಾಯಿದೆಯ 21ನೇ ಕಲಮಿನಂತೆ ವಾಹನ ಹಿಡಿಯಬಹುದು. ಕೋರ್ಟು ಆಜ್ಞೆ ಮಾಡಿದರೆ ಮುಟ್ಟುಗೋಲೂ ಆದೀತು. ಸಾಲದ್ದಕ್ಕೆ ಕಳ್ಳತನದ ಕೇಸೂ ಬೇರೆಯಾಗಿ ಹಾಕಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇಲಾಖೆಗೆ ದಂಡ ಕಟ್ಟಿ ರಾಜಿಯಾದೆ, ಇನ್ನೇನು ಮುಗೀತು ಅಂದುಕೊಂಡವರಿಗೆ 2020ರಲ್ಲಿ ಇನ್ನೊಂದು ಪೆಟ್ಟು: ಖನಿಜ ಕಾಯಿದೆಯ ರಾಜಿಯಿಂದ ಕಳ್ಳತನದ ಕೇಸು ಸಾಯೋದಿಲ್ಲ.

ಸರಿ, ಕೇಸು ತೀರ್ಮಾನವಾಗುವ ತನಕ ಲಾರಿ ಎಲ್ಲಿರಬೇಕು? ಗಂಟು ಇರೋದೇ ಇಲ್ಲಿ. ಫೈನಾನ್ಸಿನವರು ಲಾರಿ ಎಲ್ಲಿ ನಿಂತಿದೆ ಅಂತ ಕೇಳೋದಿಲ್ಲ, ಕಂತೆಲ್ಲಿ ಅಂತ ಕೇಳ್ತಾರೆ. ಒಂದೇ ಲಾರಿ ನಂಬಿದ ಮನೆಯಲ್ಲಿ ಹೆಂಡತಿಯ ಸರ ಸೇಟಿನ ಅಂಗಡಿ ಸೇರುತ್ತದೆ.

ದಾರಿ ಇಲ್ಲದೇನಿಲ್ಲ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಎಂಬ ಗುಜರಾತಿನ ಕೇಸಿನಲ್ಲಿ 2002ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು ದಾರಿ ತೋರಿಸಿದೆ. ವಾಹನವನ್ನು ಠಾಣೆಯಲ್ಲಿ ಬಹುಕಾಲ ಕೊಳೆಸಿ ಫಲವಿಲ್ಲ. ಪಂಚನಾಮೆ ಬರೆದು, ಫೋಟೋ ತೆಗೆದು, ಮುಚ್ಚಳಿಕೆ-ಜಾಮೀನು ಪಡೆದು ಬಿಡಬಹುದು ಅಂತ. ಮುಂದೆ ಸಾಕ್ಷಿಗೆ ಆ ಫೋಟೋ ಸಾಕು. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮು ಇದಕ್ಕೆ ಗಡುವೂ ಹಾಕಿದೆ. ಸೊತ್ತು ಕೋರ್ಟಿನೆದುರು ಬಂದ 14 ದಿನದೊಳಗೆ ಪಟ್ಟಿ, ಪಟ್ಟಿ-ಫೋಟೋ ಆದ 30 ದಿನದೊಳಗೆ ವಿಲೇವಾರಿಯ ಆಜ್ಞೆ.

ಅರ್ಜಿ ಹಾಕಿದ ತಕ್ಷಣ ಕೀಲಿಕೈ ಕೈಗೆ ಬರುತ್ತದೆ ಅಂತ ಮಾತ್ರ ಯಾರೂ ತಿಳಿಯಬಾರದು. ಬಿಟ್ಟ ಲಾರಿ ಅಂದೇ ರಾತ್ರಿ ಮತ್ತೆ ಹೊಳೆಗಿಳಿದರೆ? ಆ ಅಂಜಿಕೆ ಕೋರ್ಟಿಗೂ ಉಂಟು, ದಂಡೆಯ ರೈತನಿಗಂತೂ ಹೆಚ್ಚೇ ಉಂಟು. ಅದಕ್ಕೇ ಮಾರಬೇಡ, ಬಣ್ಣ ಬದಲಿಸಬೇಡ, ಕರೆದಾಗ ತಂದು ನಿಲ್ಲಿಸು, ಇನ್ನೊಮ್ಮೆ ಇದೇ ತಪ್ಪು ಮಾಡಬೇಡ ಎಂಬಂಥ ಷರತ್ತು ಹಾಕುವುದು. ಆರ್.ಸಿ. ಬುಕ್ಕು, ವಿಮೆ ಸರಿಯಿರಬೇಕು. ಠಾಣೆಯಲ್ಲಿ ನಿಂತ ಕಾಲದಲ್ಲೇ ವಿಮೆ ಮುಗಿದಿದ್ದರೆ ಮೊದಲು ಅದನ್ನು ಕಟ್ಟಬೇಕು. ಆಮೇಲೆ ಬ್ಯಾಟರಿ, ಟೈರು, ಎಳೆದೊಯ್ಯಲು ಇನ್ನೊಂದು ಲಾರಿ.