ಬಾಚಣಿಗೆ ಹೊತ್ತ ಜೀವಿಗಳು

ಸಮುದ್ರದಲ್ಲಿ ತೇಲುವ, ಗಾಜಿನಂತೆ ಪಾರದರ್ಶಕವಾದ ಟೀನೊಫೊರವನ್ನು ಕಂಡವರು ಅದನ್ನು ಲೋಳೆಮೀನೆಂದೇ ಭಾವಿಸುವುದುಂಟು. 1847ರಲ್ಲಿ ಲ್ಯೂಕಾರ್ಟನೂ ಇವೆರಡನ್ನು ‘ಸೀಲೆಂಟರೇಟ’ ಎಂಬ ಒಂದೇ ಗುಂಪಿಗೆ ಸೇರಿಸಿದನು. ಆದರೆ ಲೋಳೆಮೀನಿಗೆ ಕುಟುಕುಕಣಗಳಿವೆ. ಟೀನೊಫೊರದಲ್ಲಿ ಸಾಮಾನ್ಯವಾಗಿ ಇರುವುದು ಬೇಟೆಯನ್ನು ಹಿಡಿದಿಡುವ ಅಂಟುಕಣಗಳು. ಲೋಳೆಮೀನು ತನ್ನ ಕೊಡೆಯಂತಹ ದೇಹವನ್ನು ಸಂಕೋಚಿಸಿ ಈಜುತ್ತದೆ. ಟೀನೊಫೊರವು ಲೋಮಾಂಗಗಳಿಂದಾದ ಎಂಟು ಸಾಲು ಬಾಚಣಿಗೆಗಳನ್ನು ಬಡಿಯುತ್ತ ಸಾಗುತ್ತದೆ. 1888ರಲ್ಲಿ ಹ್ಯಾಟ್ಷೆಕ್ ಇವನ್ನು ಪ್ರತ್ಯೇಕ ವಂಶಗಳನ್ನಾಗಿ ವಿಂಗಡಿಸಿದನು.

ನರಗಳಿಲ್ಲದ ಸ್ಪಂಜುಗಳೇ ಪ್ರಾಣಿವೃಕ್ಷದಿಂದ ಮೊದಲು ಕವಲೊಡೆದವೆಂದು ಬಹುಕಾಲ ನಂಬಲಾಗಿತ್ತು. 2023ರಲ್ಲಿ ಪ್ರಕಟವಾದ ವರ್ಣತಂತುಗಳ ಅಧ್ಯಯನವೊಂದು ಆ ಸ್ಥಾನವನ್ನು ನರಗಳುಳ್ಳ ಟೀನೊಫೊರಗಳಿಗೆ ನೀಡಿತು. ಹಾಗಾದರೆ ನರಗಳು ಎರಡು ಬಾರಿ ಹುಟ್ಟಿದವೇ, ಅಥವಾ ಸ್ಪಂಜುಗಳು ಅವನ್ನು ಕಳೆದುಕೊಂಡವೇ? ಈ ಪ್ರಶ್ನೆ ಇನ್ನೂ ಚರ್ಚೆಯಲ್ಲಿದೆ. ಹೊರರೂಪದ ಸಾಮ್ಯವೊಂದೇ ವಂಶಸಂಬಂಧಕ್ಕೆ ಸಾಕ್ಷಿಯಾಗದೆಂಬುದು ಮಾತ್ರ ಸ್ಪಷ್ಟ.